ಕಪ್ಪು ತಿರುಪು

ನಮ್ಮ ಯಜಮಾನರಿಗೆ ಒಂದು ಅಭ್ಯಾಸವಿತ್ತು. ಬುಲೆಟ್ ಹತ್ತಿ ಕೂತು, ಕಿಕ್ಕರ್ ಒದೆಯುವ ಮೊದಲು, ಹ್ಯಾಂಡಲಿನ ನಟ್ಟನಡುವೆ ಇದ್ದ ಒಂದು ಕಪ್ಪು ತಿರುಪನ್ನು ಹಿಡಿದು ಅರ್ಧ ಸುತ್ತು ಬಿಗಿ ಮಾಡುತ್ತಿದ್ದರು. ಹೊಸ್ತಿಲು ದಾಟುವಾಗ ನಾವು ಹೆಂಗಸರು ಬಾಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದಿಲ್ಲವೆ, ಅದೇ ಭಕ್ತಿ. ಆ ಗಾಡಿಯ ಹಿಂದಿನ ಸೀಟಿನಲ್ಲಿ ಸುಮಾರು ಮೂವತ್ತು ವರ್ಷ ಕೂತ ನಾನು ಅದೇನೆಂದು ಒಮ್ಮೆಯೂ ಕೇಳಿದವಳಲ್ಲ. ಅಡುಗೆಮನೆಯ ಡಬ್ಬಗಳಲ್ಲಿ ಯಾವುದರಲ್ಲಿ ಮೆಂತ್ಯ, ಯಾವುದರಲ್ಲಿ ಸಾಸಿವೆ ಎಂದು ಅವರೂ ಕೇಳಿದವರಲ್ಲ. ಲೆಕ್ಕ ಸರಿಹೋಯಿತು.

ನಮ್ಮದು ವೈ.ಎನ್. ಹೊಸಕೋಟೆ. ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ. ಜಿಲ್ಲೆ ಕರ್ನಾಟಕದ್ದಾದರೂ ತಾಲ್ಲೂಕಿನ ಮೂರು ಕಡೆ ಆಂಧ್ರ ಕೂತಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಮಳೆ ಬಂದರೆ ಕಡಲೆಕಾಯಿ, ಬಾರದಿದ್ದರೆ ದೇವರು. ಊರಿನ ಮರ್ಯಾದೆ ಉಳಿದಿರುವುದು ರೇಷ್ಮೆ ಸೀರೆಯಿಂದ. ನಮ್ಮ ಮನೆಯಲ್ಲೂ ಎರಡು ಮಗ್ಗವಿದ್ದವು. ನೇಯ್ದ ಸೀರೆಗಳನ್ನು ಗಂಟು ಕಟ್ಟಿ ಇವರು ಹಿಂದೂಪುರಕ್ಕೋ ಧರ್ಮಾವರಕ್ಕೋ ಒಯ್ಯುತ್ತಿದ್ದರು. ಅದಕ್ಕೆಂದೇ 1989ರಲ್ಲಿ ಆ ಬುಲೆಟ್ಟನ್ನು ಸೆಕೆಂಡ್ ಹ್ಯಾಂಡ್ ತಂದದ್ದು. ಆಗ ನಮ್ಮ ಕಡೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ ಬಹಳ ಓಡಾಡುತ್ತಿತ್ತು, 1996ರಲ್ಲಿ ಆ ಕಾರ್ಖಾನೆ ಮುಚ್ಚುವವರೆಗೂ. ಭಾವನವರ ಹತ್ತಿರ ಅದಿತ್ತು. ಅಣ್ಣನ ಹತ್ತಿರ ಯೆಜ್ಡಿ ಇದ್ದ ಮೇಲೆ ತಮ್ಮನಿಗೆ ಬುಲೆಟ್ಟೇ ಆಗಬೇಕು. ಕಾರಣ ಅಷ್ಟೇ, ಇವರು ಬೇರೆ ಏನೇ ಹೇಳಲಿ.

ಸೀರೆಯ ಗಂಟು, ಅದರ ಜೊತೆಗೆ ನಾನು. ಇಷ್ಟೂ ಹಿಂದಕ್ಕೆ ಬಿದ್ದಾಗ ಗಾಡಿಯ ಮುಂಭಾಗ ಹಗುರವಾಗುತ್ತಿತ್ತು. ಮಡಕಶಿರದ ಕಡೆಯ ಇಳಿಜಾರಿನಲ್ಲಿ ಸ್ವಲ್ಪ ವೇಗ ಬಂದಕೂಡಲೇ ಹ್ಯಾಂಡಲು ಎಡಕ್ಕೂ ಬಲಕ್ಕೂ ಗಡಗಡ ನಡುಗುವುದು. ಬೇಡ ಬೇಡ ಎಂದು ತಲೆಯಾಡಿಸುವ ಎತ್ತಿನ ಹಾಗೆ. ಇವರು ತಿರುಗಿ ನೋಡದೆಯೇ ಗದರುತ್ತಿದ್ದರು: "ಅಲ್ಲಾಡದೆ ಕೂತ್ಕೊಳ್ಳೇ!" ನಾನು ಉಸಿರು ಬಿಗಿಹಿಡಿದು ಕಲ್ಲಿನ ಹಾಗೆ ಕೂರುತ್ತಿದ್ದೆ. ಇವರು ಕಪ್ಪು ತಿರುಪನ್ನು ಇನ್ನೂ ಕಾಲು ಸುತ್ತು ಬಿಗಿಯುತ್ತಿದ್ದರು. ನಡುಕ ನಿಲ್ಲುತ್ತಿತ್ತು. ನಾನು ಅಲ್ಲಾಡದೆ ಕೂತದ್ದರಿಂದಲೇ ನಿಂತಿತು ಎಂದು ಬಹಳ ವರ್ಷ ನಂಬಿದ್ದೆ.

ಈಗ ಇವರಿಗೆ ಮಂಡಿ ನೋವು. ಬುಲೆಟ್ ಒದೆಯಲಾರರು. ನಮ್ಮ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡು ಮೂಳೆಗೆ ಹಿಡಿದು ಎಷ್ಟೋ ಜನರ ಕೀಲು ಬಿಗಿಸಿದೆ. ಇವರದು ವಯಸ್ಸಿನದೋ ನೀರಿನದೋ ಯಾರು ಹೇಳಬೇಕು. ಗಾಡಿ ನಾಲ್ಕೈದು ವರ್ಷದಿಂದ ಹಿತ್ತಿಲ ತಗಡಿನ ಕೆಳಗೆ ಹಳೆಯ ಜಮಖಾನ ಹೊದ್ದು ನಿಂತಿತ್ತು. ಕಳೆದ ದಸರಾ ರಜಕ್ಕೆ ಬೆಂಗಳೂರಿನಿಂದ ಬಂದ ಮಗ ಅದನ್ನು ಅಂಗಳಕ್ಕೆ ತಳ್ಳಿಕೊಂಡು ಬಂದ. ಮೊದಲು ಮುಂಭಾಗ ಬಿಚ್ಚುತ್ತೇನೆ ಅಂದ. ಯಜಮಾನರು ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಕೇಳದಿದ್ದರೂ ಸಲಹೆ ಕೊಡಲು ಶುರು ಮಾಡಿದರು. ಹಿಡಿದುಕೊಳ್ಳಲು ಇನ್ನೊಂದು ಜೊತೆ ಕೈ ಬೇಕಾಗಿತ್ತು. ನಾನು ಸೆರಗು ಸಿಕ್ಕಿಸಿ ಕೂತೆ.

ಅವತ್ತು ಗೊತ್ತಾಯಿತು ಆ ತಿರುಪಿನ ಗುಟ್ಟು. ತಿರುಪಿನ ಕೆಳಗೆ ಒಂದು ಉದ್ದನೆಯ ಸರಳಿದೆ. ಹ್ಯಾಂಡಲು ತಿರುಗುವ ಕೊಳವೆಯ ಒಳಗಿನಿಂದಲೇ ಅದು ತಳಕ್ಕಿಳಿಯುತ್ತದೆ. ತಳದಲ್ಲಿ ಕಬ್ಬಿಣದ ಒಂದು ತಟ್ಟೆ. ಅದನ್ನು ಗಾಡಿಯ ಚೌಕಟ್ಟಿಗೆ ಸಿಕ್ಕಿಸಿರುತ್ತಾರೆ, ತಿರುಗುವಂತಿಲ್ಲ. ಅದಕ್ಕೆ ಅಂಟಿದ ಹಾಗೆ ನಾರಿನಂಥ ಒರಟು ಬಿಲ್ಲೆಗಳು. ಮೇಲೆ ತಿರುಪು ಬಿಗಿದರೆ ಕೆಳಗೆ ತಟ್ಟೆ ಬಿಲ್ಲೆಗಳು ಒಂದನ್ನೊಂದು ಅದುಮಿಕೊಳ್ಳುತ್ತವೆ. ಹ್ಯಾಂಡಲು ತಿರುಗಬೇಕೆಂದರೆ ಆ ಉಜ್ಜಾಟವನ್ನು ಗೆದ್ದು ತಿರುಗಬೇಕು. ಇದಕ್ಕೆ ಸ್ಟೀರಿಂಗ್ ಡ್ಯಾಂಪರ್ ಅಂತಾರೆ ಅಂದ ಮಗ. ಬುಲೆಟ್ ಮೂಲತಃ ಇಂಗ್ಲೆಂಡಿನ ಗಾಡಿ. ಮದರಾಸಿನಲ್ಲಿ ಅದರ ಕಂಪನಿ ನಿಂತದ್ದು 1955ರಲ್ಲಿ. ಆ ಕಾಲದಲ್ಲಿ ಪಕ್ಕಕ್ಕೆ ತೊಟ್ಟಿಲಿನಂಥ ಸೈಡ್‌ಕಾರ್ ಕಟ್ಟಿ ಓಡಿಸುವವರು ಬಹಳವಂತೆ. ಸೈಡ್‌ಕಾರ್ ಕಟ್ಟಿದ ಗಾಡಿಯ ಹ್ಯಾಂಡಲು ನಿಧಾನಕ್ಕೆ ಹೋಗುವಾಗಲೂ ನಡುಗುತ್ತದೆ. ಅಂಥದಕ್ಕೆ ಈ ತಿರುಪು ಬೇಕೇ ಬೇಕು.

ಆದರೆ ನಡುಕ ಬರುವುದಾದರೂ ಯಾಕೆ? ಇದನ್ನು ಅವನು ನನಗೆ ಆಸ್ಪತ್ರೆಯ ತಳ್ಳುಗಾಡಿಯ ಮೂಲಕ ತಿಳಿಸಿದ. ಸ್ಟ್ರೆಚರ್ ತಳ್ಳುವಾಗ ಅದರ ಸಣ್ಣ ಚಕ್ರಗಳಲ್ಲಿ ಒಂದು ಹುಚ್ಚು ಹಿಡಿದ ಹಾಗೆ ಪಟಪಟ ಹೊಡೆದುಕೊಳ್ಳುವುದನ್ನು ನೋಡಿದ್ದೀರಲ್ಲ? ಚಕ್ರ ತಾನು ತಿರುಗುವ ಕೀಲಿಗಿಂತ ಸ್ವಲ್ಪ ಹಿಂದೆ ಬಿದ್ದಿರುವುದರಿಂದ, ವಾರೆಯಾದಾಗಲೆಲ್ಲ ತಾನಾಗಿ ನೇರಕ್ಕೆ ಬರುತ್ತದೆ. ಗಾಡಿಯ ಮುಂಚಕ್ರಕ್ಕೂ ಇದೇ ಗುಣ ಇದೆ. ಅದಿಲ್ಲದಿದ್ದರೆ ಯಾರೂ ಸೈಕಲ್ ಕೂಡ ನೆಮ್ಮದಿಯಾಗಿ ಹೊಡೆಯಲಾರರು. ಆದರೆ ನೇರಕ್ಕೆ ಬರುವ ಆತುರದಲ್ಲಿ ಆಚೆ ದಾಟಿಬಿಟ್ಟರೆ ಮತ್ತೆ ಈಚೆಗೆ ಬರಬೇಕು, ಈಚೆ ದಾಟಿದರೆ ಆಚೆಗೆ. ಕೀಲು ಸರಿಯಿದ್ದರೆ ಈ ಹೊಯ್ದಾಟ ಎರಡು ಸಲಕ್ಕೆ ಸತ್ತುಹೋಗುತ್ತದೆ. ಕೀಲಿನಲ್ಲಿ ಸಡಿಲವಿದ್ದರೆ, ಚಕ್ರದ ಕಡ್ಡಿಗಳು ಸಡಿಲಿದ್ದರೆ, ಟಯರಿನಲ್ಲಿ ಗಾಳಿ ಸಾಲದಿದ್ದರೆ, ಹಿಂದೆ ಭಾರ ಹೆಚ್ಚಿದ್ದರೆ ಬೆಳೆಯುತ್ತ ಹೋಗುತ್ತದೆ. ವಿಮಾನದ ಮೂಗಿನ ಕೆಳಗಿನ ಗಾಲಿಗೂ ಈ ಕಾಯಿಲೆ ಉಂಟಂತೆ, ಅದಕ್ಕೂ ಇಂಥದೇ ಒಂದು ತಡೆ ಕಟ್ಟಿರುತ್ತಾರೆ. ಕೆಡುವ ಗುಣದಿಂದಲ್ಲ, ತಿದ್ದಿಕೊಳ್ಳುವ ಗುಣದಿಂದಲೇ ನಡುಕ ಹುಟ್ಟುತ್ತದೆ ಎಂಬುದು ನನಗೆ ಸೋಜಿಗವಾಯಿತು.

ಮಗ ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ಎಂಜಿನ್ ತಳಕ್ಕೆ ಮರದ ತುಂಡು ಕೊಟ್ಟು, ಮುಂಚಕ್ರವನ್ನು ನೆಲದಿಂದ ಎತ್ತಿದ. ಕಪ್ಪು ತಿರುಪನ್ನು ಪೂರ್ತಿ ಸಡಿಲ ಬಿಟ್ಟ. ಮುಂದಿನ ಕೊಳವೆಗಳ ತುದಿಯನ್ನು ಹಿಡಿದು ಹಿಂದೆ ಮುಂದೆ ಎಳೆದ. ಒಳಗೆ ಟೊಕ್ ಟೊಕ್ ಎಂಬ ಸದ್ದು. "ನೀನು ಹಿಡಿದು ನೋಡಮ್ಮ" ಅಂದ. ಹಿಡಿದೆ. ಅಲ್ಲಾಡುವ ಹಲ್ಲಿನ ಹಾಗೆ ಕೈಗೆ ಗೊತ್ತಾಯಿತು. ಆಮೇಲೆ ಹ್ಯಾಂಡಲನ್ನು ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗಿಸು ಅಂದ. ನಟ್ಟನಡುವೆ, ನೇರಕ್ಕೆ ಬಂದ ಜಾಗದಲ್ಲಿ, ಚಕ್ರ ಒಂದು ಸಣ್ಣ ಗುಣಿಗೆ ಬಿದ್ದ ಹಾಗೆ ಟಕ್ಕೆಂದು ಕೂತುಬಿಟ್ಟಿತು.

ಬಿಚ್ಚಿದ್ದು ಎರಡು ದಿನ. ಅದನ್ನೆಲ್ಲ ಹೇಳಿದರೆ ನೀವು ಪುಟ ಮಗುಚುತ್ತೀರಿ. ಕೊನೆಗೆ ಕೊಳವೆ ಕೆಳಗೆ ಜಾರಿದಾಗ ಸಣ್ಣ ಉಕ್ಕಿನ ಗುಂಡುಗಳು ಉದುರಿದವು. ನಾನು ಮೊದಲೇ ಕೆಳಗೆ ಹಳೆಯ ಸೀರೆ ಹಾಸಿ ಮೇಲೊಂದು ಸ್ಟೀಲಿನ ಅಗಲ ತಟ್ಟೆ ಇಟ್ಟಿದ್ದೆ. ಮೊರದಿಂದ ಜಾರಿದ ಕಾಳಿನ ಹಾಗೆ ತಟ್ಟೆಯಲ್ಲಿ ಸದ್ದು ಮಾಡಿ ಹರಡಿದವು. ಅವು ಉರುಳುವ ಬಟ್ಟಲುಗಳನ್ನು ಡೀಸೆಲ್ಲಿನಲ್ಲಿ ತೊಳೆದು ಬಿಸಿಲಿಗೆ ಹಿಡಿದ ಮಗ ಸುಮ್ಮನೆ ನನ್ನ ಕೈಗಿತ್ತ. ಉಕ್ಕಿನ ಮೈಮೇಲೆ ಸಾಲಾಗಿ ಸಣ್ಣ ಸಣ್ಣ ಗುಳಿಗಳು. ಉಗುರು ಆಡಿಸಿದರೆ ತಡೆಯುತ್ತಿತ್ತು. ಗಾಡಿ ಹೆಚ್ಚು ಹೊತ್ತು ಓಡುವುದು ನೇರಕ್ಕೇ ಅಲ್ಲವೆ? ಆಗ ಒಂದೊಂದು ಗುಂಡೂ ಒಂದೊಂದು ಜಾಗದಲ್ಲೇ ನಿಂತಿರುತ್ತದೆ. ರಸ್ತೆಯ ಪ್ರತಿ ಹಳ್ಳದ ಏಟೂ ಅದೇ ಜಾಗಕ್ಕೆ. ಮೂವತ್ತು ವರ್ಷ ಅದೇ ಜಾಗಕ್ಕೆ.

"ಅಪ್ಪ, ಇದು ಯಾವಾಗಲೋ ಹೋಗಿದೆ. ನೀವು ಮೇಲೆ ತಿರುಪು ಬಿಗೀತಾ ಬಂದಿದ್ದೀರಿ" ಅಂದ ಮಗ.

ಇವರು ಕುರ್ಚಿಯಿಂದ ಕೈ ನೀಡಿ ಬಟ್ಟಲನ್ನು ತೆಗೆದುಕೊಂಡರು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಸಲಾನೂ ಬೀಳಿಸಲಿಲ್ಲ ನಿನ್ನ" ಅಂದರು. ನಿಜ. ಬೀಳಿಸಲಿಲ್ಲ.

ಇಷ್ಟಾಗಿದ್ದರೆ ಇದು ಗಾಡಿ ರಿಪೇರಿಯ ಕತೆಯಾಗಿ ಮುಗಿಯುತ್ತಿತ್ತು. ಅದೇ ದಿನ ಸಾಯಂಕಾಲ ಪಾವಗಡದಿಂದ ಭಾವ ಬಂದರು. ಕಾಫಿ ಕುಡಿದು ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ ಹೇಳಿದರು: "ಮಗಳು ಮಗೂನ ಕರ್ಕೊಂಡು ಬಂದು ಎಂಟು ದಿವಸ ಆಯ್ತಮ್ಮ. ಹೋಗಲ್ಲ ಅಂತಾಳೆ. ದೀಪಾವಳಿಗೆ ಮುಂಚೆ ಕಳಿಸದಿದ್ರೆ ಬೀಗರ ಮುಂದೆ ಮುಖ ಎತ್ತೋ ಹಾಗಿಲ್ಲ. ನಿನ್ನ ಮಾತು ಅಂದ್ರೆ ಕೇಳ್ತಾಳೆ. ಸ್ವಲ್ಪ ಹೊಂದಿಕೊಂಡು ಹೋಗು ಅಂತ ಹೇಳು."

ನನ್ನ ಕೈ ಇನ್ನೂ ಗ್ರೀಸಿನಲ್ಲಿತ್ತು.

ನನ್ನ ಮಾತು ಕೇಳುತ್ತಾಳೆ ಎಂಬುದು ಸುಳ್ಳಲ್ಲ. ಹಿಂದೆ ಒಮ್ಮೆ ಕೇಳಿದ್ದಳು. ಎರಡು ವರ್ಷದ ಹಿಂದೆ ಯುಗಾದಿಗೆ ಬಂದಿದ್ದವಳು ನನ್ನ ಜೊತೆ ಕೂತು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಆರಿಸುತ್ತ ಆರಿಸುತ್ತ, "ಚಿಕ್ಕಮ್ಮ, ಅವರು ಒಂಥರಾ..." ಎಂದು ಶುರು ಮಾಡಿದಳು. ದನಿ ಜೋರಿರಲಿಲ್ಲ, ಅಳು ಇರಲಿಲ್ಲ. ನನಗೆ ಒಬ್ಬಟ್ಟಿನ ಹೂರಣ ತಳ ಹಿಡಿಯುವ ಚಿಂತೆ. "ಎಲ್ಲರ ಮನೆ ದೋಸೆಯೂ ತೂತೇ ಕಣೇ" ಎಂದು ನಕ್ಕು ಎದ್ದುಬಿಟ್ಟೆ. ಅವಳೂ ನಕ್ಕಳು. ಅಕ್ಕಿ ಆರಿಸಿ ಮುಗಿಸಿ ಇಟ್ಟಿದ್ದಳು, ಒಂದು ಕಲ್ಲೂ ಇಲ್ಲದ ಹಾಗೆ. ಆ ಹೊತ್ತಿಗೆ ನನಗೆ ನನ್ನ ಬಗ್ಗೆ ಸ್ವಲ್ಪ ಹೆಮ್ಮೆಯೇ ಆಗಿತ್ತು. ಒಂದು ಸಂಸಾರದ ನಡುಕವನ್ನು ಒಂದು ಗಾದೆಯಿಂದ ನಿಲ್ಲಿಸಿದ್ದೆನಲ್ಲ.

ತಾಳಿದವನು ಬಾಳಿಯಾನು ಎನ್ನುತ್ತದೆ ಇನ್ನೊಂದು ಗಾದೆ. ಗಾದೆಯ ವ್ಯಾಕರಣ ಪುಲ್ಲಿಂಗದಲ್ಲಿದೆ. ಆದರೆ ಅದನ್ನು ಒಬ್ಬ ಗಂಡಸಿಗೆ ಯಾರಾದರೂ ಹೇಳಿದ್ದನ್ನು ನನ್ನ ಅರವತ್ತು ವರ್ಷದಲ್ಲಿ ಕೇಳಿದ ನೆನಪಿಲ್ಲ. ತಾಳಿ ಕಟ್ಟಿಸಿಕೊಂಡವಳು ತಾಳಬೇಕು ಎಂಬ ಸುಲಭದ ಪ್ರಾಸ ನಮ್ಮ ಭಾಷೆಯಲ್ಲೇ ಸಿದ್ಧವಾಗಿದೆ. ಹಾಗಾದರೆ ತಾಳ್ಮೆ ಗುಣವೇ ಅಲ್ಲವೆ? ಅದು ಒಳಗಿನ ಹಾಳನ್ನು ಮುಚ್ಚುವ ಕಪ್ಪು ತಿರುಪು ಮಾತ್ರವೆ? ಆ ರಾತ್ರಿ ನಿದ್ದೆ ಬರದೆ ಇದನ್ನೇ ತಿರುವಿ ಹಾಕಿದೆ. ಹೌದು ಎಂದು ಹೇಳಿಬಿಟ್ಟರೆ ನನ್ನ ಅರ್ಧ ಆಯುಷ್ಯಕ್ಕೆ ಅರ್ಥ ಇಲ್ಲ. ಅಲ್ಲ ಎಂದರೆ ಆ ಹುಡುಗಿಗೆ ನಾಳೆ ಏನು ಹೇಳಲಿ?

ಗಾಡಿಯ ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಮನುಷ್ಯರು ಬಟ್ಟಲು ಗುಂಡುಗಳಲ್ಲ. ಹೊಸದು ತಂದು ಹಾಕಲು ಅಂಗಡಿ ಇಲ್ಲ. ಮೇಲಾಗಿ ತಿರುಪು ನಿರಪರಾಧಿ. ಅದನ್ನು ಮಾಡಿದವರು ಕೀಲು ಕೆಟ್ಟಾಗ ಮುಚ್ಚಿಡಲಿ ಎಂದು ಮಾಡಿದ್ದಲ್ಲ, ಕೀಲು ಸರಿಯಿದ್ದೂ ದಾರಿ ಕೆಟ್ಟಾಗ ಕೈಗೆ ಆಸರೆಯಾಗಲಿ ಎಂದು ಮಾಡಿದ್ದು. ಮಗ ಆ ನಾರಿನ ಬಿಲ್ಲೆಗಳನ್ನು ತೆಗೆದಾಗ ಅವು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಉಜ್ಜಿ ಉಜ್ಜಿ ಹೊಳಪೇರಿದ ಬಿಲ್ಲೆಗೆ ಹಿಡಿತವಿರುವುದಿಲ್ಲ. ಅದಕ್ಕೇ ವರ್ಷ ಕಳೆದಂತೆ ಇವರ ಅರ್ಧ ಸುತ್ತು ಒಂದು ಸುತ್ತಾಗಿ, ಒಂದು ಒಂದೂವರೆಯಾದದ್ದು. ಎಮರಿ ಪೇಪರಿನಲ್ಲಿ ಹೊಳಪು ತೆಗೆದು ಮತ್ತೆ ಒರಟು ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಗ್ರೀಸಿನ ಕೈಯಲ್ಲಿ ಮುಟ್ಟಬೇಡ ಎಂದು ಮಗ ಎರಡು ಸಲ ಎಚ್ಚರಿಸಿದ. ವಿಚಿತ್ರ ನೋಡಿ: ಗೇಣು ದೂರದಲ್ಲಿರುವ ಗುಂಡುಗಳಿಗೆ ಗ್ರೀಸಿಲ್ಲದಿದ್ದರೆ ಬದುಕಿಲ್ಲ, ಈ ಬಿಲ್ಲೆಗಳಿಗೆ ಗ್ರೀಸು ತಾಗಿದರೆ ಕೆಲಸವಿಲ್ಲ.

ಇನ್ನೊಂದು ಮಾತನ್ನೂ ಅವನು ಹೇಳಿದ, ನಿದ್ದೆ ಕೆಡಿಸಿದ್ದು ಅದೇ. ಈಗಿನ ದೊಡ್ಡ ಗಾಡಿಗಳಲ್ಲಿ ಬಿಲ್ಲೆಯ ಡ್ಯಾಂಪರ್ ಇಲ್ಲ, ಎಣ್ಣೆಯದು ಬರುತ್ತದೆ. ಒಂದು ಕೊಳವೆಯಲ್ಲಿ ಎಣ್ಣೆ, ಅದರೊಳಗೆ ಪಿಸ್ಟನ್, ಎಣ್ಣೆ ಆಚೆಯಿಂದ ಈಚೆಗೆ ಹೋಗಲು ಒಂದು ಸಣ್ಣ ತೂತು. ಸವಾರ ಹ್ಯಾಂಡಲನ್ನು ನಿಧಾನಕ್ಕೆ ತಿರುಗಿಸಿದರೆ ಎಣ್ಣೆ ಸಾವಕಾಶವಾಗಿ ತೂತಿನಲ್ಲಿ ಹರಿದು ದಾರಿ ಬಿಡುತ್ತದೆ. ಡ್ಯಾಂಪರ್ ಇದೆ ಎಂದೇ ತಿಳಿಯುವುದಿಲ್ಲ. ಕಲ್ಲಿಗೆ ಬಡಿದು ಹ್ಯಾಂಡಲು ಥಟ್ಟನೆ ಒದ್ದರೆ ಅಷ್ಟು ಎಣ್ಣೆ ಒಂದೇ ಸಲಕ್ಕೆ ನುಗ್ಗಲಾರದು, ಗೋಡೆಯಂತೆ ನಿಲ್ಲುತ್ತದೆ. ಹಳೆಯ ಬಿಲ್ಲೆಗೆ ಈ ವಿವೇಕವಿಲ್ಲ. ಅದು ಸವಾರನ ಮೆಲ್ಲನೆಯ ತಿರುವನ್ನೂ ಕಲ್ಲಿನ ಒದೆತವನ್ನೂ ಒಂದೇ ಬಲದಿಂದ ತಡೆಯುತ್ತದೆ. ತುಂಬ ಬಿಗಿದುಬಿಟ್ಟರೆ ಗಾಡಿ ನಡುಗುವುದಿಲ್ಲ ನಿಜ, ತಿರುಗಬೇಕಾದ ಕಡೆ ತಿರುಗುವುದೂ ಇಲ್ಲ.

ಆಗ ನನ್ನ ಅತ್ತೆ ನೆನಪಾದರು. ಅವರ ತಾಳ್ಮೆಯನ್ನು ಊರೇ ಹೊಗಳುತ್ತಿತ್ತು. ಆದರೆ ಈಗ ಹಿಂದಿರುಗಿ ನೋಡಿದರೆ ಅವರ ತಾಳ್ಮೆ ನನ್ನದರ ಥರದ್ದಲ್ಲ. ಯಾರಾದರೂ ಬಳಿ ಕೂತು ಮೆಲ್ಲಗೆ ಹೇಳಿದರೆ, ಅದು ಸೊಸೆಯಾಗಲಿ ರಾಟೆ ಸುತ್ತಲು ಬರುತ್ತಿದ್ದ ಹುಡುಗಿಯಾಗಲಿ, ಅತ್ತೆ ಮಾತು ಬದಲಿಸುತ್ತಿದ್ದರು, ಮನಸ್ಸನ್ನೂ ಬದಲಿಸುತ್ತಿದ್ದರು. ಮಗ್ಗ ಪಾಲು ಮಾಡುವ ದಿನ ಅಣ್ಣ ತಮ್ಮಂದಿರ ದನಿ ಏರಿ ಒಬ್ಬರ ಕೈ ಮೇಲೆದ್ದಾಗ ಇದೇ ಸಾಧು ಹೆಂಗಸು ನಡುವೆ ಬಂದು ನಿಂತರು. ಏನೂ ಹೇಳಲಿಲ್ಲ. ಎದ್ದ ಕೈ ಇಳಿಯಿತು. ಯಾರ ಕೈ ಎಂದು ಇಲ್ಲಿ ಬರೆಯುವುದಿಲ್ಲ. ಈ ಪುಸ್ತಕ ಮನೆಯಲ್ಲೂ ಓದುವವರಿದ್ದಾರೆ.

ನಾನೋ ಬಿಲ್ಲೆಯ ಜಾತಿ. ಹೂರಣದ ಬಾಣಲೆಯ ಮುಂದೆ ಕೂತು ಹುಡುಗಿಯ ಮೆಲ್ಲನೆಯ ಮಾತಿಗೂ ಅದೇ ತಡೆ ಒಡ್ಡಿದ್ದೆ. ಅವಳು ಆ ದಿನ ನಡುಗಿರಲಿಲ್ಲ. ದಾರಿ ತಿರುಗಿಸಲು ನೋಡುತ್ತಿದ್ದಳು.

ಇನ್ನೂ ಒಂದು ವಿಷಯ, ಇದಕ್ಕೆ ಮಗನ ವಿದ್ಯೆ ಬೇಕಾಗಿರಲಿಲ್ಲ, ನನಗೇ ಗೊತ್ತಿದ್ದದ್ದು. ನಮ್ಮ ಮಗ್ಗದ ಹಾಸಿನ ಉರುಳೆಗೆ ಹಗ್ಗ ಸುತ್ತಿ ತುದಿಗೆ ಕಲ್ಲು ತೂಗುಬಿಡುತ್ತಿದ್ದೆವು. ಆ ತಡೆ ಇಲ್ಲದಿದ್ದರೆ ಹಾಸು ಸಡಿಲಾಗಿ ಸೀರೆ ಹಾಳು. ಆದರೆ ನೇಯುತ್ತ ಹೋದಂತೆ ಉರುಳೆಯ ಮೇಲಿನ ನೂಲು ಕರಗಿ ಅದರ ಗಾತ್ರ ಸಣ್ಣದಾಗುತ್ತದೆ. ಆಗಲೂ ಮೊದಲಿನಷ್ಟೇ ತೂಕ ಬಿಟ್ಟರೆ ಎಳೆಗಳ ಮೇಲೆ ಬಿಗಿ ಏರಿ ಪಟಪಟನೆ ಹರಿಯುತ್ತವೆ. ಬಲ್ಲ ನೇಕಾರ ಹಾಸು ಮುಗಿಯುತ್ತ ಬಂದಂತೆ ತೂಕ ಇಳಿಸುತ್ತಾನೆ. ಹೊಸದಾಗಿ ಬಂದ ಸೊಸೆಯ ಮೇಲೆ ಹೇರಿದ ತೂಕವನ್ನು ಅವಳು ತೇಯ್ದ ಮೇಲೂ ಇಳಿಸದೆ, ಹರಿದ ಎಳೆಯನ್ನು ಬೈಯುವ ಮನೆಗಳನ್ನು ನಾವೆಲ್ಲ ಕಂಡಿದ್ದೇವೆ. ಕೆಲವನ್ನು ನಡೆಸಿಯೂ ಇದ್ದೇವೆ.

ಹಾಗೆಂದು ಎಲ್ಲ ನಡುಕಕ್ಕೂ ಗಾಡಿ ಬಿಚ್ಚಬೇಕೇ? ಹೊಸದಾಗಿ ಮದುವೆಯಾದವರ ಜಗಳಗಳಲ್ಲಿ ಹತ್ತಕ್ಕೆ ಒಂಬತ್ತು ಎರಡು ಹೊಯ್ದಾಟಕ್ಕೆ ಸಾಯುವಂಥವು. ಅಂಥದಕ್ಕೆ ಹಿರಿಯರು ಅರ್ಧ ಸುತ್ತು ತಿರುಪು ಹಿಡಿದರೆ ಉಪಕಾರವೇ. ನನ್ನ ಮೊದಲ ವರ್ಷ ಅತ್ತೆ ಹಿಡಿಯದಿದ್ದರೆ ನಾನು ತವರಿನಲ್ಲಿರುತ್ತಿದ್ದೆ, ಸಣ್ಣ ಕಾರಣಕ್ಕೆ. ಆದ್ದರಿಂದ ಹೊಂದಿಕೊಂಡು ಹೋಗು ಎಂಬ ಮಾತೇ ಪಾಪ ಎನ್ನುವವರ ಜೊತೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಾನು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಮೊದಲು ಚಕ್ರ ಎತ್ತಿ, ತಿರುಪು ಸಡಿಲಿಸಿ, ಕೀಲನ್ನು ಕೈಯಲ್ಲಿ ಹಿಡಿದು ನೋಡಿದ್ದೆನೆ? ತಿರುಪು ಬಿಗಿದಿರುವಾಗ ಕೀಲಿನ ಸಡಿಲ ಕೈಗೆ ಸಿಕ್ಕುವುದಿಲ್ಲ. ಸಮಾಧಾನ ಹೇಳುತ್ತಲೇ ಇರುವವರಿಗೆ ನಿಜ ಹೇಳುವವರು ಸಿಕ್ಕುವುದಿಲ್ಲ. ಇದು ನನಗೆ ಅರವತ್ತಕ್ಕೆ ಗೊತ್ತಾಯಿತು.

ಭಾವನಿಗೆ ಅವತ್ತು ಸಾಯಂಕಾಲ ನಾನು ಹೇಳಿದ್ದು ಇಷ್ಟೆ: "ಬರ್ತೀನಿ ಭಾವ. ಏನು ಹೇಳ್ತೀನಿ ಅಂತ ಈಗಲೇ ಹೇಳಲಾರೆ." ಅವರಿಗೆ ಅದು ಹಿಡಿಸಲಿಲ್ಲ. "ಹೆಣ್ಣುಮಕ್ಕಳ ವಿಷಯದಲ್ಲಿ ಕಾಯಿದೆ ಗೀಯಿದೆ ಅಂತ ತಲೆಗೆ ತುಂಬಬೇಡ" ಎಂದು ಹೋದರು. ನಾನು ಕಾಯಿದೆಯ ಮಾತೇ ಎತ್ತಿರಲಿಲ್ಲ. ಅವರ ಮನಸ್ಸಿನಲ್ಲಿ ಅದು ಇತ್ತೆಂದರೆ ವಿಷಯ ದೋಸೆಯ ತೂತಿಗಿಂತ ದೊಡ್ಡದೆಂದು ಅಲ್ಲೇ ತಿಳಿಯಿತು. ಕಾಯಿದೆಯಂತೂ ಇದೆ, 2005ರಲ್ಲಿ ಆಗಿ 2006ರಿಂದ ಜಾರಿಯಲ್ಲಿದೆ. ಹೊಡೆತ ಮಾತ್ರವಲ್ಲ, ಬೈಗುಳವೂ, ಖರ್ಚಿಗೆ ಕೊಡದೆ ಸತಾಯಿಸುವುದೂ ಅದರ ಪ್ರಕಾರ ದೌರ್ಜನ್ಯವೇ. ಗಂಡನ ಮನೆಯಿಂದ ಹೊರಗೆ ಹಾಕದಂತೆ ತಡೆಯುವ ಅಧಿಕಾರ ನ್ಯಾಯಾಲಯಕ್ಕಿದೆ. ಇದು ತಿಳಿದಿರುವುದು ಒಳ್ಳೆಯದು ಎಂದು ಮಾತ್ರ ಬರೆದಿದ್ದೇನೆ. ಆದರೆ ಕೋರ್ಟಿನ ಮೆಟ್ಟಿಲಿಗೆ ಮೊದಲು ಚಿಕ್ಕಮ್ಮನ ಅಡುಗೆಮನೆ ಇರುತ್ತದೆ, ಅಲ್ಲಿ ಬಾಗಿಲು ಹಾಕಿದವಳು ನಾನು.

ಮೂರನೆಯ ದಿನ ಹೊಸ ಬಟ್ಟಲು, ಹೊಸ ಗುಂಡು ಬಂದವು. ಬಟ್ಟಲಿಗೆ ದಪ್ಪಗೆ ಗ್ರೀಸು ಮೆತ್ತಿ ಅದರಲ್ಲಿ ಒಂದೊಂದೇ ಗುಂಡನ್ನು ಅಂಟಿಸಿದೆವು, ತಂಬಿಟ್ಟಿನ ಉಂಡೆಯ ಮೇಲೆ ಗಸಗಸೆ ಅಂಟಿಸುವಷ್ಟು ನಾಜೂಕಾಗಿ. ಇಲ್ಲದಿದ್ದರೆ ಜೋಡಿಸುವಾಗ ಉದುರಿಬಿಡುತ್ತವೆ. ಮೇಲಿನ ನಟ್ಟನ್ನು ಎಷ್ಟು ಬಿಗಿಯಬೇಕು ಎಂಬುದಕ್ಕೆ ಅಳತೆಗೋಲಿಲ್ಲ. ಹಿಂದೆ ಮುಂದೆ ಎಳೆದರೆ ಟೊಕ್ ಎನ್ನಬಾರದು, ಬೆರಳಿನಿಂದ ಸೋಕಿಸಿದರೆ ಹ್ಯಾಂಡಲು ತನ್ನ ಭಾರಕ್ಕೆ ತಾನೇ ಎಡಕ್ಕೋ ಬಲಕ್ಕೋ ಬೀಳಬೇಕು. ಮಗ ಮೂರು ಸಲ ಬಿಗಿದು ಮೂರು ಸಲ ಸಡಿಲಿಸಿದ. ಚಕ್ರದ ಕಡ್ಡಿಗಳನ್ನು ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿ, ಟಣ್ ಎನ್ನದೆ ಮೊಂಡು ಸದ್ದು ಕೊಟ್ಟ ನಾಲ್ಕನ್ನು ಬಿಗಿ ಮಾಡಿದ. ಕೊನೆಗೆ ಕಪ್ಪು ತಿರುಪನ್ನು ಅದರ ಜಾಗದಲ್ಲಿ ಕೂರಿಸಿ, ಸ್ಪ್ರಿಂಗು ಬಿದ್ದುಹೋಗದಷ್ಟು ಮಾತ್ರ ತಿರುಗಿಸಿ ಬಿಟ್ಟ.

ನಾಲ್ಕನೆಯ ದಿನ ಬೆಳಿಗ್ಗೆ ಅವನ ಹಿಂದೆ ಕೂತು ಪಾವಗಡಕ್ಕೆ ಹೊರಟೆ. ಹೊರಡುವಾಗ ಯಜಮಾನರು ಕೋಲೂರಿಕೊಂಡು ಗಾಡಿಯ ಹತ್ತಿರ ಬಂದರು. ಕೈ ತಿರುಪಿನ ಕಡೆ ಹೋಯಿತು. ಮಗ ಏನೂ ಅನ್ನಲಿಲ್ಲ. ಇವರು ಅದನ್ನು ಮುಟ್ಟಿ, ತಿರುಗಿಸದೆ, ಕೈ ತೆಗೆದರು. ದಾರಿಯ ಇಳಿಜಾರಿನಲ್ಲಿ ವೇಗ ಏರಿದಾಗ ಹಳೆಯ ಅಭ್ಯಾಸಕ್ಕೆ ನಾನು ಉಸಿರು ಬಿಗಿಹಿಡಿದೆ. ಹ್ಯಾಂಡಲು ನಡುಗಲಿಲ್ಲ. ಶನಿವಾರವಾದ್ದರಿಂದ ಪಾವಗಡದಲ್ಲಿ ಶನಿಮಹಾತ್ಮನ ಗುಡಿಗೆ ಬಂದವರ ಬಸ್ಸುಗಳು ರಸ್ತೆ ತುಂಬ ನಿಂತಿದ್ದವು.

ಭಾವನ ಮನೆಯಲ್ಲಿ ಹುಡುಗಿ ಹಿತ್ತಿಲ ಕಲ್ಲಿನ ಹತ್ತಿರ ಮಗುವಿನ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ, ಪಾಠ ಒಪ್ಪಿಸುವ ಹಾಗೆ ಹೇಳಿದಳು: "ಗೊತ್ತು ಚಿಕ್ಕಮ್ಮ. ಹೊಂದಿಕೊಂಡು ಹೋಗ್ತೀನಿ ಬಿಡಿ. ಎಲ್ಲರ ಮನೆ ದೋಸೆಯೂ ತೂತೇ."

ನನ್ನದೇ ಮಾತು, ನನ್ನದೇ ನಗು ಕೂಡ. ಒಳಗಿನಿಂದ ಓರಗಿತ್ತಿ ನೋಡುತ್ತಿದ್ದಳು. ನಾನು ಕಲ್ಲಿನ ಪಕ್ಕದ ಮೆಟ್ಟಿಲಿನ ಮೇಲೆ ಕೂತೆ.

"ಅದನ್ನ ಕೇಳೋಕೆ ಬರಲಿಲ್ಲ ಕಣೇ. ಆವತ್ತು ಯುಗಾದಿ ದಿವಸ ಅಕ್ಕಿ ಆರಿಸ್ತಾ ಏನೋ ಹೇಳೋಕೆ ಶುರು ಮಾಡಿದ್ದೆ. 'ಅವರು ಒಂಥರಾ' ಅಂದಿದ್ದೆ. ನಾನು ಎದ್ದು ಹೋದೆ. ಅದೇನು ಅಂತ ಈಗ ಹೇಳು."

ಅವಳು ಬಹಳ ಹೊತ್ತು ಬಕೆಟ್ಟಿನ ನೀರನ್ನೇ ನೋಡಿದಳು. ಆಮೇಲೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹೋಗಿ ಹಿತ್ತಿಲ ಬಾಗಿಲನ್ನು ಮುಂದಕ್ಕೆ ಮಾಡಿ, ಬಂದು ನನ್ನ ಪಕ್ಕದಲ್ಲಿ ಕೂತಳು.